ಒಂದೇ ಕಸಬರಿಗೆ, ಎರಡು ಪಗಾರ

ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೋಗುವ ಹಾದಿಯಲ್ಲಿ, ಡೋಣಿ ನದಿಯ ದಂಡೆಯ ಮೇಲೆ ಸಾರವಾಡವೆಂಬ ಊರಿದೆ. ಡೋಣಿಯ ದಂಡೆಯ ಎರೆಭೂಮಿಯು ಬಿಳಿಜೋಳಕ್ಕೆ ಹೆಸರಾದದ್ದು. ಆದರೆ ಹೊಳೆಯ ನೀರು ಮಾತ್ರ ಉಪ್ಪು. ಮಳೆಗಾಲದಲ್ಲಿ ಈ ಹೊಳೆಯು ಉಕ್ಕಿ ಹೊಲಗಳಿಗೆ ನುಗ್ಗುವದು ಈ ಸೀಮೆಯವರಿಗೆ ಹೊಸತಲ್ಲ. ಮಗ್ಗುಲಲ್ಲಿಯೇ ಹೊಳೆಯಿದ್ದರೂ ಅದರ ನೀರು ಕುಡಿಯಲಿಕ್ಕೆ ಬಾರದಾದ ಕಾರಣ, ಇಂಥ ಊರುಗಳ ಗೃಹಿಣಿಯರು ನಳದ ದಾರಿಯನ್ನೇ ಕಾಯಬೇಕು. ಆ ನಳಕ್ಕೆ ನೀರು ಬಿಡುವವನು ಗ್ರಾಮ ಪಂಚಾಯತಿಯ ನೌಕರನು. ಓಣಿಯನ್ನು ಗುಡಿಸುವವಳು, ಗಟಾರವನ್ನು ಬಳಿಯುವವನು, ಮನೆಪಟ್ಟಿ-ನೀರಪಟ್ಟಿಗಳ ಪಾವತಿ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಬಾಗಿಲಿಗೆ ಬರುವವನು, ಇವರೂ ಹಾಗೆಯೇ. ದಿನಕ್ಕೊಮ್ಮೆಯಾದರೂ ನಮ್ಮ ಅಂಗಳದ ಮುಂದೆ ಹಾದುಹೋಗುವ ಸರಕಾರವೆಂದರೆ ಇವರೇ ಹೊರತು, ಬೆಂಗಳೂರಿನ ಸರಕಾರವೂ ಅಲ್ಲ, ದಿಲ್ಲಿಯದೂ ಅಲ್ಲ.

ನೀರು ಎರಡು ದಿನ ತಡವಾದರೆ ನಾವು ಆ ಮನುಷ್ಯನನ್ನು ಹಾದಿಯಲ್ಲಿ ತಡೆದು ಕೇಳುತ್ತೇವೆ. ಕೇಳುವದು ನಮ್ಮ ಹಕ್ಕೂ ಹೌದು. ಆದರೆ ಆತನ ಪಗಾರವು ಎಷ್ಟು ತಿಂಗಳಿನಿಂದ ತಡವಾಗಿದೆ, ಆತನ ಹಾಗೆಯೇ ದುಡಿಯುವ ಮತ್ತೊಬ್ಬನಿಗೆ ಎಷ್ಟು ಸಿಗುತ್ತದೆ, ಆತನಿಗೇಕೆ ಕಡಿಮೆ ಎಂದು ಕೇಳಿದವರು ನಮ್ಮಲ್ಲಿ ವಿರಳ. ಕೇಳದೆ ಬಿಟ್ಟ ಆ ಮಾತನ್ನು ಕುರಿತು ಇಲ್ಲಿ ನಾಲ್ಕು ಸಂಗತಿಗಳನ್ನು ಬರೆಯುವೆನು.

ಸಮಾನ ಕೆಲಸಕ್ಕೆ ಸಮಾನ ಕೂಲಿಯೆಂಬ ತತ್ವವು ಹಳ್ಳಿಗೆ ಅಪರಿಚಿತವೆಂದು ಯಾರೂ ತಿಳಿಯಬಾರದು. ಹೊಲದಲ್ಲಿ ಸದಿ ತೆಗೆಯುವ ಹೆಣ್ಣಾಳಿಗೆ ಒಂದು ಕೂಲಿ, ಗಂಡಾಳಿಗೆ ಅದಕ್ಕಿಂತ ಹೆಚ್ಚು ಎಂಬುದು ನಮ್ಮ ಹಳೆಯ ರೂಢಿ. ಗಂಡಸಿನ ಕೆಲಸ ಭಾರ, ಹೆಂಗಸಿನದು ಹಗುರವೆಂಬುದು ಅದಕ್ಕೆ ಕೊಡುವ ಕಾರಣ. ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಬಗ್ಗಿ ನಡೆಯುವವಳ ಸೊಂಟವನ್ನು ಕೇಳಿದರೆ ಅದು ಹಗುರವೆಂದು ಹೇಳಲಾರದು. ಆದರೆ ಸೊಂಟವನ್ನು ಕೇಳುವವರು ಯಾರು? ಈ ರೂಢಿಯನ್ನು ಊರೊಳಗೆ ಮೊದಲು ಮುರಿದದ್ದು ಪಂಚಾಯತಿಯ ಹಾಜರಿಪಟ್ಟಿ. 2005ರ ಉದ್ಯೋಗ ಖಾತರಿ ಕಾಯದೆಯು 2008ರಲ್ಲಿ ದೇಶದ ಗ್ರಾಮೀಣ ಜಿಲ್ಲೆಗಳಿಗೆಲ್ಲ ವ್ಯಾಪಿಸಿದ ಬಳಿಕ, ಕೆರೆಯ ಹೂಳು ತೆಗೆದ ಹೆಂಗಸಿಗೂ ಗಂಡಸಿಗೂ ಒಂದೇ ದರ ದೊರೆಯಿತು. ಕೆಲಸಗಾರರಲ್ಲಿ ಮೂರರಲ್ಲೊಂದು ಪಾಲಾದರೂ ಹೆಂಗಸರಿರಬೇಕೆಂಬ ಕಟ್ಟಳೆಯೂ ಅದರಲ್ಲಿತ್ತು. ಕರ್ನಾಟಕದಲ್ಲಿ 2025-26ನೆಯ ಸಾಲಿಗೆ ಗೊತ್ತುಪಡಿಸಿದ ದರವು ದಿನಕ್ಕೆ 370 ರೂಪಾಯಿ. ಗಂಡ-ಹೆಂಡತಿ ಜೊತೆಯಾಗಿ ದುಡಿದು, ಇಬ್ಬರ ಹೆಸರಿನ ಮುಂದೆಯೂ ಒಂದೇ ಅಂಕಿಯನ್ನು ಕಂಡದ್ದು ಅನೇಕ ಮನೆಗಳಲ್ಲಿ ಅದೇ ಮೊದಲು.

ಸೋಜಿಗವೆಂದರೆ, ಕೆರೆಯ ಏರಿಯ ಮೇಲೆ ಈ ಸಮಾನತೆಯನ್ನು ಪಾಲಿಸಿದ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಕಚೇರಿಯ ಹೊಸ್ತಿಲೊಳಗೆ ಅದನ್ನು ಮರೆಯುತ್ತ ಬಂದಿವೆ. ಇಲ್ಲಿಯ ಭೇದವು ಬರಿಯ ಗಂಡು-ಹೆಣ್ಣೆಂಬುದಲ್ಲ, ಹೆಸರಿನದು. ಕಾಯಂ ನೌಕರ, ದಿನಗೂಲಿ, ಗುತ್ತಿಗೆ, ಹೊರಗುತ್ತಿಗೆ, ಗೌರವಧನದವಳು ಎಂದು ಒಂದೇ ಕೆಲಸಕ್ಕೆ ಐದು ಹೆಸರುಗಳನ್ನಿಟ್ಟು, ಹೆಸರಿಗೊಂದು ಪಗಾರ. ಒಂದೇ ಮನೆಯಲ್ಲಿ ರೊಟ್ಟಿ ಬಡಿಯುವ ಇಬ್ಬರಲ್ಲಿ ಒಬ್ಬಳನ್ನು ಅಡಿಗೆಯವಳೆಂದೂ ಇನ್ನೊಬ್ಬಳನ್ನು ಸಹಾಯಕ್ಕೆ ಬಂದವಳೆಂದೂ ಕರೆದು, ಎರಡನೆಯವಳಿಗೆ ಅರ್ಧ ಕೊಟ್ಟಂತೆ ಇದು. ರೊಟ್ಟಿಯಲ್ಲಿ ಮಾತ್ರ ವ್ಯತ್ಯಾಸವಿಲ್ಲ.

ಕಾಯದೆಯೇನೋ ಈ ವಿಷಯದಲ್ಲಿ ಮೌನವಾಗಿಲ್ಲ. ನಮ್ಮ ಸಂವಿಧಾನದ 39ನೆಯ ಅನುಚ್ಛೇದವು, ಗಂಡಸರಿಗೂ ಹೆಂಗಸರಿಗೂ ಸಮಾನ ಕೆಲಸಕ್ಕೆ ಸಮಾನ ವೇತನವಿರುವಂತೆ ರಾಜ್ಯವು ತನ್ನ ಧೋರಣೆಯನ್ನು ನಡೆಯಿಸಬೇಕೆಂದು ಹೇಳುತ್ತದೆ. ಅದು ಮಾರ್ಗದರ್ಶನದ ಮಾತು. ಅದೊಂದನ್ನೇ ಹಿಡಿದು ಕೋರ್ಟಿಗೆ ಹೋಗಲಿಕ್ಕೆ ಬರುವಂತಿರಲಿಲ್ಲ. 1976ರ ಸಮಾನ ವೇತನ ಕಾಯದೆಯು ಹೆಣ್ಣುಗಂಡುಗಳ ನಡುವಿನ ಭೇದವನ್ನು ದಂಡನೀಯವಾಗಿಸಿತು. 2025ರ ನವಂಬರ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯು ಅದರ ಸ್ಥಾನವನ್ನು ಪಡೆದು, ಅದೇ ನಿಷೇಧವನ್ನು ಮುಂದುವರಿಸಿದೆ. ಆದರೆ ಇಬ್ಬರು ಹೆಂಗಸರೊಳಗೇ ಒಬ್ಬಳಿಗೆ ಒಂದು, ಇನ್ನೊಬ್ಬಳಿಗೆ ಇನ್ನೊಂದು ಎಂದಾದರೆ ಏನು? ಅದಕ್ಕೆ ದಾರಿಯನ್ನು ತೆರೆದದ್ದು 1982ರಲ್ಲಿ ದಿಲ್ಲಿಯ ಪೋಲೀಸ ಖಾತೆಯ ಒಬ್ಬ ವಾಹನಚಾಲಕನ ಅರ್ಜಿ. ಬೇರೆ ಖಾತೆಗಳ ಚಾಲಕರು ಓಡಿಸುವಂಥ ಗಾಡಿಯನ್ನೇ ತಾನೂ ಓಡಿಸುತ್ತಿರುವಾಗ ತನ್ನ ಪಗಾರವೇಕೆ ಕಡಿಮೆಯೆಂದು ಆತನು ಕೇಳಿದನು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು, ಸಮಾನ ವೇತನವೆಂಬುದು ಬರಿಯ ಘೋಷವಾಕ್ಯವಲ್ಲ, ಸಮಾನತೆಯ ಮೂಲಭೂತ ಹಕ್ಕಿನೊಡನೆ ಕೂಡಿಸಿ ಓದಿದಾಗ ಅದನ್ನು ನ್ಯಾಯಾಲಯವು ಜಾರಿಗೊಳಿಸಬಹುದೆಂದು ತೀರ್ಪಿತ್ತರು.

ಇನ್ನು ನಮ್ಮ ನೆರೆಯ ಧಾರವಾಡದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ, ಸಂಘಟನೆಯೆಂಬುದು ಏನನ್ನು ಮಾಡಬಲ್ಲದು, ಎಷ್ಟು ನಿಧಾನವಾಗಿ ಮಾಡಬಲ್ಲದು ಎಂಬುದನ್ನು ಅಲ್ಲಿ ಸ್ಪಷ್ಟವಾಗಿ ಕಾಣಬಹುದು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯಲ್ಲಿ ದಿನಗೂಲಿಯ ಮೇಲೆ ದುಡಿಯುತ್ತಿದ್ದ ಅಕ್ಷರಸ್ಥ ನೌಕರರು ಒಂದು ಸಂಘವನ್ನು ಕಟ್ಟಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ಅರ್ಜಿಯ ವಿಚಾರಣೆಯಲ್ಲಿ ಹೊರಬಿದ್ದ ಲೆಕ್ಕವು ಬೆರಗುಗೊಳಿಸುವಂಥದು: ರಾಜ್ಯದ ಸರಕಾರಿ ಖಾತೆಗಳಲ್ಲಿ ಇಂಥವರು ಸುಮಾರು 50,000 ಜನ, ಅವರಲ್ಲಿ ಅನೇಕರು 16ರಿಂದ 20 ವರುಷಗಳ ಕಾಲ ಒಂದೇ ಸಮನೆ ದುಡಿದವರು. ಇಪ್ಪತ್ತು ವರುಷಗಳ ದಿನಗೂಲಿ! ಮದುವೆಯಾದ ವರುಷ ಕೆಲಸಕ್ಕೆ ಸೇರಿದವನ ಮಗಳು ಮದುವೆಗೆ ಬಂದರೂ, ಅಪ್ಪನು ಇನ್ನೂ ಕಾಗದದ ಮೇಲೆ 'ಇಂದಿಗೆ ಬಂದ ಆಳು.'

1990ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರರ ಪೀಠವು ಈ ಅರ್ಜಿಯ ಮೇಲೆ ಒಂದು ಪೂರ್ಣ ಯೋಜನೆಯನ್ನೇ ಹಾಕಿಕೊಟ್ಟಿತು. 1984ರ ಜುಲೈ 1ಕ್ಕೆ ಮುಂಚೆ ಅಥವಾ ಅಂದು ಸೇರಿದವರು ತಿಂಗಳ ಪಗಾರದವರಾಗತಕ್ಕದ್ದು. ಹತ್ತು ವರುಷ ಸೇವೆ ತುಂಬಿದವರೊಳಗೆ 18,600 ಜನರನ್ನು ಕೂಡಲೆ ಕಾಯಂಗೊಳಿಸತಕ್ಕದ್ದು. ಉಳಿದವರನ್ನು ಹಂತಹಂತವಾಗಿ 1997ರೊಳಗೆ ತೆಗೆದುಕೊಳ್ಳತಕ್ಕದ್ದು. ಸರಕಾರದ ಬೊಕ್ಕಸದ ಕಷ್ಟವನ್ನು ನ್ಯಾಯಾಲಯವು ಅಲ್ಲಗಳೆಯಲಿಲ್ಲವಾದ್ದರಿಂದಲೇ ಈ ಏಳು ವರುಷಗಳ ಸಾವಕಾಶ. ಕೇಳಿದ್ದೆಲ್ಲ ಸಿಕ್ಕಿತೆಂದಲ್ಲ. ಆದರೆ ಒಬ್ಬೊಬ್ಬರಾಗಿ ಕಾರಕೂನನ ಮೇಜಿನ ಮುಂದೆ ನಿಂತಿದ್ದರೆ ದಕ್ಕದಿದ್ದುದು, ಒಂದು ಜಿಲ್ಲೆಯ ಸಂಘದ ಹೆಸರಿನಲ್ಲಿ ಇಡೀ ರಾಜ್ಯದ ಕೂಲಿಗಾರರಿಗೆ ದಕ್ಕಿತು.

ದಕ್ಕಿದ ಬಾಗಿಲು 2006ರಲ್ಲಿ ಬಹುಮಟ್ಟಿಗೆ ಮುಚ್ಚಿಕೊಂಡಿತು. ಅದೂ ಕರ್ನಾಟಕದ್ದೇ ವ್ಯಾಜ್ಯ. ಉಮಾದೇವಿ ಪ್ರಕರಣವೆಂದು ಹೆಸರಾಗಿದೆ. ಅರ್ಜಿ ಕರೆಯದೆ, ಪರೀಕ್ಷೆಯಿಲ್ಲದೆ ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡುತ್ತ ಹೋದರೆ ಹೊರಗೆ ಕಾದು ನಿಂತ ನಿರುದ್ಯೋಗಿಗೆ ಅನ್ಯಾಯವಾಗುವದೆಂದು ಐವರು ನ್ಯಾಯಮೂರ್ತಿಗಳ ಪೀಠವು ಹೇಳಿತು. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಹಿಂಬಾಗಿಲನ್ನು ತೆರೆದಿಟ್ಟವರು ಸರಕಾರದವರು. ಒಳಗೆ ಬಂದು ಹತ್ತು ವರುಷ ದುಡಿದವನೇ ತಪ್ಪಿತಸ್ಥನಾದದ್ದು ನನಗೆ ಇಂದಿಗೂ ಅರಗದ ಸಂಗತಿ. ಅದೇ ತೀರ್ಪಿನಲ್ಲಿ ಒಂದು ಸಣ್ಣ ಕಿಟಕಿ ಮಾತ್ರ ತೆರೆದೇ ಇತ್ತು. ಆ ವ್ಯಾಜ್ಯದ ದಿನಗೂಲಿಗಳಿಗೆ ಅವರ ದರ್ಜೆಯ ಅತ್ಯಂತ ಕೆಳಗಿನ ವೇತನವನ್ನು ಕೊಡತಕ್ಕದ್ದೆಂದು ಪೀಠವು ಹೇಳಿತು. ಕಾಯಂ ಆಗುವ ಹಕ್ಕು ಬೇರೆ, ಸಮಾನ ಪಗಾರದ ಹಕ್ಕು ಬೇರೆ ಎಂಬ ಈ ಎಳೆಯನ್ನೇ ಹಿಡಿದು, 2016ರ ಅಕ್ಟೋಬರ 26ರಂದು ಪಂಜಾಬಿನ ಜಗಜೀತಸಿಂಗ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾಯಂ ನೌಕರನ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರನಿಗೆ ಆ ಹುದ್ದೆಯ ವೇತನಶ್ರೇಣಿಯ ಮೊದಲ ಮೆಟ್ಟಿಲಾದರೂ ಸಲ್ಲಬೇಕೆಂದು ವಿಧಿಸಿತು.

ಹೀಗೆ ಕಾಯದೆಯು ಮುಂದೆ ಬಂದಂತೆಲ್ಲ, ಕಾಯದೆಗೆ ಸಿಕ್ಕದ ಹೊಸ ಹೆಸರುಗಳೂ ಬಂದವು. ಪಟ್ಟಣಗಳ ಕಸದ ಕೆಲಸವನ್ನು ನೋಡಿರಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಲಿಕ್ಕೆ 1970ರ ದಶಕದ ಆರಂಭದಲ್ಲಿ ಹಟ ತೊಟ್ಟು ನಿಂತವರು ಆಗಿನ ಸಚಿವರಾದ ಬಿ. ಬಸವಲಿಂಗಪ್ಪನವರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿಯು ಗುಡಿಸುವವರ ಬಾಳನ್ನು ಪರಿಶೀಲಿಸಿ ವರದಿಯಿತ್ತು, 500 ಜನಸಂಖ್ಯೆಗೆ ಒಬ್ಬ ಕೆಲಸಗಾರನಿರಬೇಕೆಂದು ಸೂಚಿಸಿತು. 'ಪೌರಕಾರ್ಮಿಕ' ಎಂಬ ಗೌರವದ ಹೆಸರೂ ಕ್ರಮೇಣ ರೂಢಿಗೆ ಬಂತು. ಆದರೆ ಹೆಸರು ಏರಿದಷ್ಟು ಪಗಾರವು ಏರಲಿಲ್ಲ. ನಗರಸಭೆಗಳು ಹೊಸ ಕಾಯಂ ಹುದ್ದೆಗಳನ್ನು ತುಂಬುವದನ್ನು ಬಿಟ್ಟು, ಕೆಲಸವನ್ನು ಗುತ್ತೇದಾರರಿಗೆ ವಹಿಸಿಕೊಟ್ಟವು. ಒಂದೇ ಬೀದಿಯ ಎಡಬದಿಯನ್ನು ಕಾಯಂ ಕಾರ್ಮಿಕಳೂ ಬಲಬದಿಯನ್ನು ಗುತ್ತಿಗೆಯವಳೂ ಗುಡಿಸಿದರು. ಕಸಬರಿಗೆ ಒಂದೇ, ಧೂಳು ಒಂದೇ, ಪಗಾರ ಎರಡು. ಒಬ್ಬಳಿಗೆ ರಜೆಯುಂಟು, ನಿವೃತ್ತಿವೇತನವುಂಟು. ಇನ್ನೊಬ್ಬಳು ಬಾಣಂತನಕ್ಕೆ ಹೋದರೆ ಮರಳಿ ಬಂದಾಗ ಕೆಲಸವಿರುವದೋ ಇಲ್ಲವೋ. ಈ ಎರಡನೆಯವರಲ್ಲಿ ಬಹುಮಂದಿ ಹೆಂಗಸರು, ಬಹುಮಂದಿ ದಲಿತ ಸಮಾಜಗಳವರು ಎಂಬುದನ್ನು ಹೇಳದೆ ಈ ವಿಷಯವನ್ನು ದಾಟುವದು ಸಲ್ಲದು. 1970ರ ಗುತ್ತಿಗೆ ಕಾರ್ಮಿಕ ಕಾಯದೆಯ ಕೆಳಗಿನ ನಿಯಮಗಳಲ್ಲಿ, ನೇರ ನೌಕರನ ಕೆಲಸವನ್ನೇ ಮಾಡುವ ಗುತ್ತಿಗೆಯವನಿಗೆ ಅದೇ ವೇತನವೆಂಬ ಮಾತು ಎಂದೋ ಬರೆದಿತ್ತು. ಬರೆದದ್ದನ್ನು ಓದಿ ಹೇಳುವವರು ಬೇಕಾಗಿತ್ತು.

ಆ ಕೆಲಸವನ್ನು ಸಂಘಗಳು ಮಾಡಿದವು. ಮೊದಲು ಅವರು ಕೇಳಿದ್ದು, ನಡುವಿನ ಗುತ್ತೇದಾರನನ್ನು ತೆಗೆದುಹಾಕಿ ಪಗಾರವನ್ನು ನೇರವಾಗಿ ನಗರಸಭೆಯೇ ಕೊಡಲಿ ಎಂದು. 2017-18ರ ಸುಮಾರಿಗೆ ಈ 'ನೇರ ಪಾವತಿ'ಯು ಬಂದಿತು. ಅದೊಂದು ವಿಚಿತ್ರವಾದ ನಡುಮನೆ: ಹೊರಗಿನವರೂ ಅಲ್ಲ, ಒಳಗಿನವರೂ ಅಲ್ಲ. ಆದುದರಿಂದ 2022ರ ಜುಲೈ 1ರಂದು ಪೌರಕಾರ್ಮಿಕರು ರಾಜ್ಯಾದ್ಯಂತ ಸಂಪು ಹೂಡಿದರು. ನಾಲ್ಕು ದಿನಗಳ ಮಟ್ಟಿಗೆ ಅನೇಕ ಊರುಗಳಲ್ಲಿ ಕಸವು ಬಿದ್ದಲ್ಲಿಯೇ ಉಳಿಯಿತು. ಆ ನಾಲ್ಕು ದಿನ ಮೂಗು ಮುಚ್ಚಿಕೊಂಡು ಓಡಾಡಿದ ಗೃಹಸ್ಥರಲ್ಲಿ ಕೆಲವರಾದರೂ, ಇದನ್ನು ದಿನಾಲು ಎತ್ತುತ್ತಿದ್ದವರು ಯಾರು ಎಂದು ಯೋಚಿಸಿರಬಹುದು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಕಾಯಂಗೊಳಿಸುವ ಭರವಸೆಯನ್ನು ಕೊಟ್ಟ ಮೇಲೆ ಸಂಪು ನಿಂತಿತು. ಆ ವರುಷದ ಸಪ್ಟಂಬರದಲ್ಲಿ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಮಂತ್ರಿಮಂಡಲವು ಒಪ್ಪಿತು. 2025ರ ಮೇ 1ರಂದು, ಕಾರ್ಮಿಕ ದಿನದ ದಿವಸವೇ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಿನಲ್ಲಿ 12,692 ಜನರಿಗೆ ನೇಮಕದ ಕಾಗದಗಳನ್ನು ಹಂಚಿದರು.

ಕಸದ ಗಾಡಿಯನ್ನು ಓಡಿಸುವವರು, ಅದಕ್ಕೆ ತುಂಬುವವರು, ಒಳಚರಂಡಿಯ ಕೆಲಸದವರು ತಮ್ಮನ್ನೂ ಪೌರಕಾರ್ಮಿಕರ ಸಾಲಿನಲ್ಲಿ ಸೇರಿಸಿರೆಂದು 2022ರ ಸಂಪಿನಲ್ಲಿಯೇ ಕೇಳಿದ್ದರು. ಗುಡಿಸಿದವರಿಗೆ ಬಂದ ಭಾಗ್ಯವು ಗುಡಿಸಿದ್ದನ್ನು ಎತ್ತಿಕೊಂಡು ಹೋದವರಿಗೆ ಆಗ ಬರಲಿಲ್ಲ. ಇಲ್ಲಿಯೂ ಹೆಸರಿನದೇ ಆಟ.

ನಮ್ಮಲ್ಲಿ ಮಾತ್ರ ಹೀಗೆಂದು ನೊಂದುಕೊಳ್ಳುವವರಿಗೆ ಆಂಗ್ಲರ ದೇಶದ ಎರಡು ಮಾತುಗಳನ್ನು ಹೇಳುವೆನು. ಅಲ್ಲಿ ಸಮಾನ ವೇತನದ ಕಾಯದೆಯಾದದ್ದು 1970ರಲ್ಲಿ. ಆದರೂ ಬರ್ಮಿಂಗ್‌ಹ್ಯಾಮ್ ನಗರಸಭೆಯಲ್ಲಿ ಅಡಿಗೆ, ಶುಚಿ, ಮುದುಕರ ಶುಶ್ರೂಷೆ ಇವುಗಳನ್ನು ಮಾಡುವ ಹೆಂಗಸರಿಗೂ, ಅವರೊಡನೆ ಒಂದೇ ದರ್ಜೆಯೆಂದು ಎಣಿಸಲ್ಪಟ್ಟ ಕಸ ಒಯ್ಯುವ, ಗೋರಿ ತೋಡುವ ಗಂಡಸರಿಗೂ ಕೈಗೆ ಬರುವ ಹಣದಲ್ಲಿ ಬಹಳ ಅಂತರವಿತ್ತು. ಮೂಲವೇತನ ಸಮ, ಗಂಡಸರಿಗೆ ಮಾತ್ರ ಬೋನಸ್ ಎಂಬ ಹೆಸರಿನಲ್ಲಿ ಹೆಚ್ಚಿನ ಗಂಟು. ಕೆಲಸ ಬಿಟ್ಟುಹೋಗಿದ್ದ 170ಕ್ಕೂ ಹೆಚ್ಚು ಮಾಜಿ ನೌಕರರು, ಬಹುಮಟ್ಟಿಗೆ ಹೆಂಗಸರೇ, ತಮ್ಮ ಬಾಕಿಯನ್ನು ಕೇಳಬಹುದೆಂದು 2012ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಬಾಕಿಯು ಬೆಳೆಯುತ್ತ ಬೆಳೆಯುತ್ತ, 2023ರ ಹೊತ್ತಿಗೆ 65 ಕೋಟಿಯಿಂದ 76 ಕೋಟಿ ಪೌಂಡುಗಳವರೆಗೆ ಇರಬಹುದೆಂದು ನಗರಸಭೆಯೇ ಹೇಳಿಕೊಂಡಿತು. ಆ ವರುಷದ ಸಪ್ಟಂಬರ 5ರಂದು, ತನ್ನ ಆಯವ್ಯಯವನ್ನು ಸರಿದೂಗಿಸಲಾರೆನೆಂದು ಕೈಚೆಲ್ಲಿತು. ಸಮಾನ ಪಗಾರದಿಂದ ನಗರಸಭೆ ದಿವಾಳಿಯಾಯಿತೆಂದು ಕೆಲವರು ಹೇಳಿದರು. ಮೂವತ್ತು ವರುಷ ಕೊಡದೆ ಉಳಿಸಿಕೊಂಡದ್ದರಿಂದ ಎನ್ನುವದು ಹೆಚ್ಚು ಸರಿಯೆಂದು ನನಗೆ ತೋರುತ್ತದೆ.

ಗ್ಲಾಸ್ಗೋ ನಗರದ ಸಂಗತಿಯು ಇನ್ನೂ ಮನಮುಟ್ಟುವಂಥದು. 2018ರ ಅಕ್ಟೋಬರ 23 ಮತ್ತು 24ರಂದು ಅಲ್ಲಿ 8,000ಕ್ಕೂ ಹೆಚ್ಚು ಹೆಂಗಸರು, ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವವರು, ಶಾಲೆಗಳಲ್ಲಿ ಅಡಿಗೆ ಮಾಡುವವರು, ಎರಡು ದಿನಗಳ ಸಂಪು ಹೂಡಿದರು. ಅವರಿಗಿಂತ ಹೆಚ್ಚು ಪಗಾರ ಪಡೆಯುತ್ತಿದ್ದ ಕಸದ ಗಾಡಿಯ ಗಂಡಸರು ಅಂದು ಅವರ ಸಾಲನ್ನು ದಾಟಿ ಕೆಲಸಕ್ಕೆ ಹೋಗಲಿಲ್ಲ. ಮರುವರುಷ ನಗರಸಭೆಯು ಸುಮಾರು 50 ಕೋಟಿ ಪೌಂಡುಗಳ ಒಪ್ಪಂದಕ್ಕೆ ಬಂದಿತು. ಬರ್ಮಿಂಗ್‌ಹ್ಯಾಮಿನಲ್ಲಿ ಮಾತ್ರ ಬೇರೊಂದು ಕಹಿಯು ಹುಟ್ಟಿತು: ಮತ್ತೆ ಸಮಾನ ವೇತನದ ತಗಾದೆಗಳು ಬರಬಾರದೆಂದು ನಗರಸಭೆಯು ಗಂಡಸರ ಒಂದು ಹುದ್ದೆಯನ್ನೇ ರದ್ದುಮಾಡಿದ ಕಾರಣ, 2025ರ ಮಾರ್ಚದಲ್ಲಿ ಕಸ ಒಯ್ಯುವವರು ಪೂರ್ಣ ಸಂಪಿಗೆ ಇಳಿದರು. ಕೆಳಗಿನವನನ್ನು ಮೇಲಕ್ಕೆತ್ತಿಯೂ ಸಮ ಮಾಡಬಹುದು, ಮೇಲಿನವನನ್ನು ಕೆಳಕ್ಕೆಳೆದೂ ಸಮ ಮಾಡಬಹುದು. ಕಾಯದೆಯ ಪುಸ್ತಕದಲ್ಲಿ ಎರಡೂ ಸಮಾನತೆಯೇ. ಮನೆಯ ಒಲೆಯ ಮುಂದೆ ಅಲ್ಲ.

ಮರಳಿ ಸಾರವಾಡದಂಥ ಊರಿಗೆ ಬರೋಣ. ನಗರಗಳ ಕಾರ್ಮಿಕರಿಗೆ ಸಿಕ್ಕಷ್ಟಾದರೂ ಗ್ರಾಮ ಪಂಚಾಯತಿಯ ನೌಕರರಿಗೆ ಸಿಕ್ಕಿಲ್ಲ. ಪಂಚಾಯತಿಯ ಕಚೇರಿಯಲ್ಲಿ ಅಭಿವೃದ್ಧಿ ಅಧಿಕಾರಿಯೂ ಕಾರ್ಯದರ್ಶಿಯೂ ರಾಜ್ಯ ಸರಕಾರದ ನೌಕರರು. ಕರವಸೂಲಿಗಾರ, ಗಣಕಯಂತ್ರದ ಕಾರಕೂನ, ನೀರು ಬಿಡುವವ, ಜವಾನ, ಸ್ವಚ್ಛತೆಯವ ಇವರೆಲ್ಲ ಪಂಚಾಯತಿಯ ನೌಕರರು. ಒಂದೇ ಮಾಡಿನ ಕೆಳಗೆ ಎರಡು ಒಡೆತನ. ಪಂಚಾಯತಿಯ ನೌಕರನ ಪಗಾರವು ಬಹುಕಾಲ ಪಂಚಾಯತಿಯ ಸ್ವಂತ ವಸೂಲಿಯನ್ನೇ ನೆಚ್ಚಿಕೊಂಡಿತ್ತು. ಇದರ ಅರ್ಥವನ್ನು ಮನೆಯ ಯಜಮಾನರು ಚೆನ್ನಾಗಿ ತಿಳಿದುಕೊಳ್ಳಬೇಕು: ನಾವು ಮನೆಪಟ್ಟಿಯನ್ನು 'ಸುಗ್ಗಿಯಾಗಲಿ' ಎಂದು ಮುಂದಕ್ಕೆ ಹಾಕಿದಾಗ, ಪಾವತಿ ಪುಸ್ತಕವನ್ನು ಮಡಚಿಕೊಂಡು ಹೋದ ಕರವಸೂಲಿಗಾರನು ತನ್ನ ಪಗಾರವನ್ನೇ ಮಡಚಿಕೊಂಡು ಹೋಗುತ್ತಿದ್ದನು. ಮಳೆ ತಪ್ಪಿದ ವರುಷ ರೈತನು ಪಟ್ಟಿ ಕಟ್ಟಲಾರ; ಅದೇ ವರುಷ ನೀರು ಬಿಡುವವನ ಕೆಲಸ ಇಮ್ಮಡಿ, ಪಗಾರ ಮಾತ್ರ ಬಾಕಿ. ದೊಡ್ಡ ಊರಿನ, ಅಂಗಡಿ-ಕಾರಖಾನೆಗಳಿರುವ ಪಂಚಾಯತಿಯಲ್ಲಿ ಅದೇ ಕೆಲಸದವನಿಗೆ ಸಕಾಲಕ್ಕೆ ಕೈತುಂಬ. ಬರದ ಸೀಮೆಯವನಿಗೆ ಬರವೇ.

ಆದಕಾರಣ, ಸರಕಾರವು ತನ್ನ ಬೊಕ್ಕಸದಿಂದಲೇ ಕನಿಷ್ಠ ವೇತನವನ್ನು ಕೊಡಲಿ ಎಂಬುದು ಕರ್ನಾಟಕ ರಾಜ್ಯ ಗ್ರಾಮ ಪಂಚಾಯತಿ ನೌಕರರ ಸಂಘದ ಬಹುವರುಷಗಳ ಕೂಗಾಗಿತ್ತು. 2018ರ ಸುಮಾರಿಗೆ ಪಗಾರವನ್ನು ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಮಾಡುವ ಏರ್ಪಾಡಾಯಿತು. ಇದು ಸಣ್ಣ ಗೆಲುವಲ್ಲ. ಆದರೆ ಹಾಗೆ ಹಣ ಬರಬೇಕಾದರೆ ನೌಕರನ ಹೆಸರು 'ಪಂಚತಂತ್ರ' ಎಂಬ ಸರಕಾರದ ಗಣಕಪಟ್ಟಿಯಲ್ಲಿ ಏರಿರಬೇಕು. ಪಂಚಾಯತಿಯು ಠರಾವು ಮಾಡಿ ಇಟ್ಟುಕೊಂಡ, ಆದರೆ ಜಿಲ್ಲಾ ಪಂಚಾಯತಿಯ ಒಪ್ಪಿಗೆ ಸಿಕ್ಕದ ನೌಕರನು ಆ ಪಟ್ಟಿಯ ಹೊರಗೆ ನಿಲ್ಲುತ್ತಾನೆ. ಆತನ ಕೈಯಿಂದ ಬಂದ ನೀರು ಎಲ್ಲರ ಕೊಡದಲ್ಲಿದೆ. ಆತನ ಹೆಸರು ಎಲ್ಲಿಯೂ ಇಲ್ಲ. ಹೀಗಾಗಿ, ಉಳಿದವರ ಹೆಸರುಗಳನ್ನು ಸೇರಿಸಿರಿ, ಸೇವಾವಧಿಗೆ ತಕ್ಕ ವೇತನಶ್ರೇಣಿಯನ್ನು ಕೊಡಿರಿ, ನಿವೃತ್ತಿವೇತನವನ್ನು ಕೊಡಿರಿ ಎಂಬ ಬೇಡಿಕೆಗಳನ್ನು ಸಂಘವು ಮತ್ತೆ ಮತ್ತೆ ಮುಂದಿಟ್ಟಿದೆ.

ಇತ್ತೀಚಿನ ವರುಷಗಳಲ್ಲಿ ಹಳ್ಳಿಗಳಿಗೆ 'ಸ್ವಚ್ಛವಾಹಿನಿ'ಯೆಂಬ ಕಸದ ಗಾಡಿಗಳು ಬಂದಿವೆ. ಅವನ್ನು ಓಡಿಸಲು ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳಿಗೆ ಶಿಕ್ಷಣವಿತ್ತದ್ದು ಮೆಚ್ಚತಕ್ಕ ಕೆಲಸ. ಸೀರೆಯ ಮೇಲೆ ಅಂಗಿ ತೊಟ್ಟು ಗಾಡಿ ನಡೆಯಿಸುವ ಹೆಣ್ಣುಮಗಳನ್ನು ಕಂಡು ಓಣಿಯ ಹುಡುಗಿಯರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆದರೆ ಅವಳು ಪಂಚಾಯತಿಯ ನೌಕರಳಲ್ಲ. ಪಂಚಾಯತಿಗೂ ಮಹಿಳಾ ಒಕ್ಕೂಟಕ್ಕೂ ಒಂದು ಒಪ್ಪಂದವಾಗಿರುತ್ತದೆ. ಅವಳಿಗೆ ಸಿಗುವದು ಒಕ್ಕೂಟದ ಮೂಲಕ ಬರುವ ಹಣ. ಕಾಯಂ ಚಾಲಕನ ಕೆಲಸ, ಸ್ವಚ್ಛತೆಯವನ ಕೆಲಸ ಎರಡನ್ನೂ ಮಾಡುವ ಅವಳಿಗೆ ಇಬ್ಬರಲ್ಲಿ ಯಾರ ಪಗಾರವೂ ಇಲ್ಲ. ಐದು ಹೆಸರುಗಳ ಸಾಲಿಗೆ ಇದು ಆರನೆಯದು. ಈ ಹೆಣ್ಣುಮಕ್ಕಳೂ ಈಗ ಸಂಘಟಿತರಾಗತೊಡಗಿ, ಕನಿಷ್ಠ ವೇತನವನ್ನು ಕೇಳುತ್ತಿದ್ದಾರೆ.

ಬಡ ಪಂಚಾಯತಿಯು ಎಲ್ಲಿಂದ ಕೊಟ್ಟೀತು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಅದರ ಉತ್ತರವು ಲೆಕ್ಕದ ಪುಸ್ತಕದಲ್ಲಿದೆ; ಆ ಪುಸ್ತಕವನ್ನು ನೋಡುವ ಹಕ್ಕು ನಮಗಿದೆ. 1993ರ ಪಂಚಾಯತರಾಜ ಕಾಯದೆಯಂತೆ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಕೂಡದು. ಮನೆ ಹಂಚಿಕೆಯ ಯಾದಿಯನ್ನು ಓದುವಾಗ ಆ ಸಭೆಗಳಲ್ಲಿ ಗದ್ದಲವಾಗುವದನ್ನು ನಾವೆಲ್ಲ ಕಂಡಿದ್ದೇವೆ. ಮುಂದಿನ ಗ್ರಾಮಸಭೆಗೆ ಹೋಗುವ ಗೃಹಸ್ಥರೂ ಗೃಹಿಣಿಯರೂ ಮೂರು ಮಾತುಗಳನ್ನು ಕೇಳಬಹುದು: ನಮ್ಮ ಊರಲ್ಲಿ ಪಂಚಾಯತಿಯ ಕೆಲಸ ಮಾಡುವವರು ಒಟ್ಟು ಎಷ್ಟು ಜನ? ಅವರಲ್ಲಿ ಎಷ್ಟು ಜನರ ಹೆಸರು ಪಟ್ಟಿಯಲ್ಲಿದೆ? ಪ್ರತಿಯೊಬ್ಬರಿಗೂ ಕೊನೆಯ ಪಗಾರ ಬಂದದ್ದು ಯಾವ ತಿಂಗಳಿನದು?